ದಿಬ್ಬದ ಆಚೆಗಿನ ಮನೆ

ಟೆನ್ನಂಟ್ ಕೌಂಟಿಯಲ್ಲಿ ಬಂದೂಕು ಹಿಡಿಯಲು ಕಲಿತವರಲ್ಲಿ ಮುಕ್ಕಾಲು ಪಾಲು ಜನ ಓರಿನ್ ಹ್ಯಾಸ್ಕೆಟ್‌ನ ಕೈಯಲ್ಲೇ ಕಲಿತವರು. ಮೂವತ್ತೊಂದು ವರ್ಷ, ಪ್ರತಿ ಆಗಸ್ಟ್ ತಿಂಗಳಲ್ಲಿ, ರೈತಸಂಘದ ಹಾಲ್‌ನಲ್ಲಿ ಮಡಚುವ ಕುರ್ಚಿಗಳನ್ನು ತಾನೇ ಹಾಕಿ, ಬೇಟೆಯ ಪರವಾನಗಿಗೆ ಬೇಕಾದ ಸುರಕ್ಷತೆಯ ಪಾಠವನ್ನು ಪುಕ್ಕಟೆ ಹೇಳಿಕೊಟ್ಟವನು ಅವನು. ಈಗ ಅರವತ್ತೆಂಟು. ಮೊದಲ ದಿನ ಮೊದಲ ಮಾತು ಯಾವಾಗಲೂ ಒಂದೇ: "ಗುರಿ ನೋಡೋದು ಎಲ್ರಿಗೂ ಬರುತ್ತೆ. ಗುರಿಯ ಹಿಂದೆ ಏನಿದೆ ಅಂತ ನೋಡೋನೇ ಬೇಟೆಗಾರ." ಆ ಮಾತನ್ನು ಮಕ್ಕಳು ಬಾಯಿಪಾಠ ಮಾಡಿ, ಬೆಳೆದು, ತಮ್ಮ ಮಕ್ಕಳಿಗೂ ಹೇಳುವಷ್ಟು ಕಾಲ ಕಳೆದಿತ್ತು.

ಆದ್ದರಿಂದ ಎಮೆಟ್ ಡ್ರೇ ಸತ್ತ ಮೇಲೆ ಕೌಂಟಿಗೆ ಒಂದು ನಿಯಮ ಬೇಕೇಬೇಕು ಎಂದಾದಾಗ, ಅದನ್ನು ಬರೆಯುವ ಸಮಿತಿಯನ್ನು ಯಾರು ನಡೆಸಬೇಕು ಎಂಬ ಬಗ್ಗೆ ಕೌಂಟಿಯ ಆಡಳಿತ ನಡೆಸುವ ಮೂವರು ಕಮಿಷನರುಗಳಲ್ಲಿ ಎರಡು ಮಾತಿರಲಿಲ್ಲ. ಬೇರೆ ಯಾರನ್ನು ಕೂರಿಸಿದರೂ ಅರ್ಧ ಊರು ಬಂದೂಕು ಕಿತ್ತುಕೊಳ್ಳಲು ಬಂದರು ಎನ್ನುತ್ತಿತ್ತು. ಉಳಿದರ್ಧ, ಕಣ್ಣೊರೆಸಲು ಬಂದರು ಎನ್ನುತ್ತಿತ್ತು. ಓರಿನ್ ಎಂದರೆ ಎರಡೂ ಕಡೆಯವರು ಸುಮ್ಮನಾಗುತ್ತಿದ್ದರು.

ಎಮೆಟ್ ಡ್ರೇ ಶಾಲೆಯ ಬಸ್ಸು ಓಡಿಸುತ್ತಿದ್ದವನು. ಐವತ್ತೆರಡು ವಯಸ್ಸು. ಹೆಂಡತಿ ಲೋರ್ನಾಳೊಂದಿಗೆ ಮೂರು ವರ್ಷದ ಹಿಂದೆ ಬಂದು, ಹಳೆಯ ಗೋಧಿ ಹೊಲವನ್ನು ತುಂಡು ಮಾಡಿ ಮಾರಿದಾಗ ಐದು ಎಕರೆ ಕೊಂಡು ಮನೆ ಕಟ್ಟಿದ್ದ. ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಅಡುಗೆಮನೆಯ ನಲ್ಲಿಯ ಮುಂದೆ ನಿಂತು ಕಾಫಿ ಪಾತ್ರೆಗೆ ನೀರು ಹಿಡಿಯುತ್ತಿದ್ದಾಗ, ಕಿಟಕಿಯ ಚೌಕಟ್ಟನ್ನು ಸೀಳಿಕೊಂಡು ಬಂದ ಗುಂಡೊಂದು ಅವನ ಕುತ್ತಿಗೆಗೆ ಬಡಿಯಿತು. ಆಂಬುಲೆನ್ಸ್ ಬರಲು ಇಪ್ಪತ್ತಾರು ನಿಮಿಷ ಹಿಡಿಯಿತು. ಅಷ್ಟು ಕಾಲ ಅವನು ಬದುಕಲಿಲ್ಲ.

ಕಾಲು ಮೈಲಿಯೂ ದೂರವಿಲ್ಲದ ಕೌಂಟಿಯ ಜಲ್ಲಿ ಹೊಂಡದಲ್ಲಿ ಆ ಬೆಳಿಗ್ಗೆ ಐದು ಜನ ರೈಫಲ್ ಅಭ್ಯಾಸ ಮಾಡುತ್ತಿದ್ದರು. ಐವರೂ ತಾವಾಗಿಯೇ ಶೆರಿಫ್ ಕಚೇರಿಗೆ ಹೋಗಿ ಹೇಳಿಕೆ ಕೊಟ್ಟರು. ಗುಂಡು ಚೂರುಚೂರಾಗಿದ್ದರಿಂದ ಯಾರ ರೈಫಲಿನದೆಂದು ಹೊಂದಿಸಿ ನೋಡಲು ಆಗಲಿಲ್ಲ. ಹೊಂಡದ ಅಂಚಿಗೆ ತಾಗಿ ಎಗರಿದ ಗುಂಡು ಎಂದು ಶೆರಿಫ್ ಬರೆದು, ಕಡತ ತೆರೆದೇ ಇಟ್ಟ.

ಸಮಿತಿಯಲ್ಲಿ ನಾಲ್ವರು. ಓರಿನ್ ಒಬ್ಬ. ದನದ ರ‍್ಯಾಂಚಿನ ಡಬ್ ಕ್ಯಾಸ್ಕಿ ಇನ್ನೊಬ್ಬ. ಓರಿನ್ ಜತೆ ಒಂದೇ ಬೆಂಚಿನಲ್ಲಿ ಓದಿದವನು, ಬಾಯಿ ದೊಡ್ಡದು. ರಸ್ತೆ ಇಲಾಖೆಯಲ್ಲಿ ಸರ್ವೇಯರ್ ಆಗಿ ನಿವೃತ್ತಳಾದ ಇಂಗಾ ವೊಲನ್. ನಾಲ್ಕನೆಯವಳು ಲೋರ್ನಾ ಡ್ರೇ. ಅವಳನ್ನು ಯಾರೂ ಕರೆದಿರಲಿಲ್ಲ. ಕಮಿಷನರುಗಳ ಸಭೆಗೆ ಬಂದು, "ನಂಗೊಂದು ಕುರ್ಚಿ ಬೇಕು," ಎಂದಷ್ಟೇ ಹೇಳಿದ್ದಳು. ಇಲ್ಲ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಸೆಪ್ಟೆಂಬರಿನ ಮೊದಲ ಸಭೆಯಲ್ಲೇ ಮಾತಿಗೆ ಮಾತು ಬೆಳೆಯಿತು. ಯಾರ ಹತ್ತಿರ ಯಾವ ಬಂದೂಕು ಇರಬೇಕು ಎಂಬುದನ್ನು ಮುಟ್ಟುವ ಅಧಿಕಾರ ಕೌಂಟಿಗಿಲ್ಲ. ಎಲ್ಲಿ ಹೊಡೆಯಬಾರದು, ಹೇಗೆ ಹೊಡೆಯಬೇಕು ಎಂದು ಹೇಳಬಹುದು ಅಷ್ಟೇ. ವಾಸದ ಮನೆಯಿಂದ ಕಾಲು ಮೈಲಿಯೊಳಗೆ, ಹಿಂದೆ ಮಣ್ಣಿನ ಒಡ್ಡು ಇಲ್ಲದೆ, ಯಾರೂ ಈಡು ಹೊಡೆಯಬಾರದು ಎಂದು ಇಂಗಾ ಕರಡು ಬರೆದು ತಂದಿದ್ದಳು.

"ಕಾಲು ಮೈಲಿ!" ಡಬ್ ಕಾಗದವನ್ನು ಮೇಜಿನ ಮೇಲೆ ತಳ್ಳಿದ. "ನನ್ನ ಹೊಲದ ನಡುಮಧ್ಯೆ ನಿಂತ್ರೂ ನಾಲ್ಕು ದಿಕ್ಕಿಗೂ ಕಾಲು ಮೈಲಿ ಸಿಗಲ್ಲ ಕಣಮ್ಮ. ನನ್ನಜ್ಜ ಹೊಡೀತಿದ್ದ ಜಾಗದಲ್ಲಿ ನಾನು ಹೊಡೀಬಾರ್ದಾ? ಹೊಡೆಯೋರ ಮುಂದೆ ಬಂದು ಮನೆ ಕಟ್ಟಿ, ಆಮೇಲೆ ನೀವು ಹೊಡೀಬೇಡಿ ಅಂದ್ರೆ?"

ಹೇಳಿದ ಮೇಲೆ ಎದುರಿಗೆ ಕೂತವಳು ಯಾರೆಂದು ನೆನಪಾಗಿ ಅವನ ಮುಖ ಕೆಂಪೇರಿತು.

ಲೋರ್ನಾ ಅವನನ್ನೇ ನೋಡುತ್ತ ಹೇಳಿದಳು: "ಮನೆ ಕಟ್ಟೋ ಮುಂಚೆ ಎಮೆಟ್ ನಿಮ್ಮನೇ ಕೇಳಿದ್ದ ಡಬ್. ಬಾವಿಯ ನೀರು ಹೇಗಿದೆ, ಹಿಮದಲ್ಲಿ ರಸ್ತೆ ತೆಗೀತಾರಾ, ಎಲ್ಲ ಕೇಳಿದ್ದ. ಗುಂಡು ಬರುತ್ತಾ ಅಂತ ಕೇಳೋಕೆ ಅವನಿಗೆ ಹೊಳೀಲಿಲ್ಲ. ನಿಮಗೂ ಹೇಳೋಕೆ ಹೊಳೀಲಿಲ್ಲ."

ಡಬ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಸಭೆ ಮುಗಿಸಿ ಹೊರಗೆ ಬಂದಾಗ ಕಿಪ್ ಲಿಂಡಾಲ್ ತನ್ನ ಪಿಕಪ್‌ಗೆ ಒರಗಿ ಕಾಯುತ್ತಿದ್ದ. ಹೊಂಡದಲ್ಲಿದ್ದ ಐವರಲ್ಲಿ ಒಬ್ಬ. ಇಪ್ಪತ್ತಾರು ವಯಸ್ಸಿನ ಬೆಸುಗೆ ಕೆಲಸಗಾರ. ಹನ್ನೆರಡು ವರ್ಷದವನಿದ್ದಾಗ ಓರಿನ್‌ನ ತರಗತಿಯಲ್ಲಿ ಮೊದಲನೆಯವನಾಗಿ ಪಾಸಾಗಿದ್ದವನು, ಈಗ ಕೆನ್ನೆ ಒಳಕ್ಕೆ ಹೋಗಿ ನಲವತ್ತರವನ ಹಾಗೆ ಕಾಣುತ್ತಿದ್ದ.

"ಮಿಸ್ಟರ್ ಹ್ಯಾಸ್ಕೆಟ್, ಒಂದು ಮಾತು," ಎಂದು ಜೇಬಿನಿಂದ ಬೇಟೆ ಸುರಕ್ಷತೆಯ ಕಿತ್ತಳೆ ಬಣ್ಣದ ಕಾರ್ಡು ತೆಗೆದ. "ಇದನ್ನ ವಾಪಸ್ ತಗೊಳ್ಳಿ."

"ಯಾಕೋ?"

"ಆವತ್ತು ನನ್ನದೇ ಕೊನೇ ಈಡು. ಕಲ್ಲಿಗೆ ತಾಗಿದ ಶಬ್ದ ಬಂತು. ಆಮೇಲೆ ಅರ್ಧ ಗಂಟೆಯೊಳಗೆ ಸೈರನ್. ಉಳಿದ ನಾಲ್ಕು ಜನ ಹೇಳ್ತಾರೆ, ಯಾರದ್ದಾದ್ರೂ ಆಗಿರಬೌದು ಬಿಡೋ ಅಂತ. ಅವರಿಗೆ ನಿದ್ದೆ ಬರುತ್ತೆ. ನಂಗೆ ಗೊತ್ತು ಅದು ನನ್ನದೇ ಅಂತ."

"ಗೊತ್ತಿಲ್ಲ ನಿಂಗೆ. ಶೆರಿಫ್‌ಗೇ ಗೊತ್ತಾಗಿಲ್ಲ."

"ರೈಫಲ್‌ಗಳನ್ನ ಮಾರಿಬಿಟ್ಟೆ. ಮದುವೇನೂ ಮುಂದಕ್ಕೆ ಹಾಕಿದೀವಿ." ಕಾರ್ಡನ್ನು ಓರಿನ್‌ನ ಅಂಗಿ ಜೇಬಿಗೆ ತಾನೇ ತುರುಕಿ ಕಿಪ್ ಹೊರಟುಹೋದ.

ಆ ರಾತ್ರಿ ಓರಿನ್ ಚೆನ್ನಾಗಿಯೇ ನಿದ್ದೆ ಮಾಡಿದ. ಅದನ್ನು ಅವನು ಮುಂದೆ ಎಷ್ಟೋ ಸಲ ನೆನೆಸಿಕೊಳ್ಳಬೇಕಾಯಿತು.

ಅಕ್ಟೋಬರಿನ ಎರಡನೇ ವಾರ ಸಮಿತಿ ಸ್ಥಳ ನೋಡಲು ಹೋಯಿತು. ಒಡ್ಡು ಎಷ್ಟೆತ್ತರ ಇರಬೇಕು, ಯಾವ ಕೋನದಲ್ಲಿ ಇರಬೇಕು ಎಂಬುದನ್ನು ನೆಲದ ಮೇಲೇ ನಿಂತು ನಿರ್ಧರಿಸೋಣ ಎಂದು ಇಂಗಾ ಹಟ ಹಿಡಿದಿದ್ದಳು. ಶೆರಿಫ್ ಕಚೇರಿಯಿಂದ ಒಬ್ಬ ಡೆಪ್ಯುಟಿಯೂ ಬಂದ. ಮೊದಲು ಜಲ್ಲಿ ಹೊಂಡ, ಆಮೇಲೆ ಡ್ರೇ ಮನೆ.

ಲೋರ್ನಾ ಕಿಟಕಿಯ ಚೌಕಟ್ಟಿನ ತೂತನ್ನು ಮುಚ್ಚಿಸಿರಲಿಲ್ಲ. ಗಾಳಿ ಬರದ ಹಾಗೆ ಬಟ್ಟೆಯ ಚೂರೊಂದನ್ನು ಸುತ್ತಿ ತುರುಕಿದ್ದಳು, ಅಷ್ಟೇ. ಎಲ್ಲರಿಗೂ ಕಾಫಿ ಕೊಟ್ಟು, ತಾನು ನಲ್ಲಿಯ ಕಡೆ ಬೆನ್ನು ಹಾಕಿ ನಿಂತಳು.

ಇಂಗಾ ಹೊರಜಗಲಿಯಲ್ಲಿ ಓಡಾಡುತ್ತಿದ್ದವಳು ಒಮ್ಮೆಲೇ ನಿಂತಳು. "ಲೋರ್ನಾ, ಈ ಕಂಬದ ಮೇಲಿನ ಗೀರು ಯಾವಾಗಿಂದ ಇದೆ?"

ಜಗಲಿಯ ಮರದ ಕಂಬದಲ್ಲಿ, ಆಳೆತ್ತರಕ್ಕಿಂತ ಒಂದು ಗೇಣು ಮೇಲೆ, ಬೆರಳು ಕೂರುವಷ್ಟು ಅಗಲದ ನೇರ ಗೀರು. ಒಳಗಿನ ಮರ ಇನ್ನೂ ಬಿಳಿಯಾಗಿತ್ತು.

"ಮೊಳೆ ಗೀಚಿರಬೇಕು," ಎಂದಳು ಲೋರ್ನಾ. "ಚಳಿಗಾಲದ ಗಾಳಿಗೆ ಅಂತ ಎಮೆಟ್ ದಪ್ಪ ಕ್ಯಾನ್ವಾಸ್ ಕಟ್ಟಿದ್ದ. ಅದನ್ನ ಸುತ್ತಿ ಆ ಕಂಬಕ್ಕೆ ಬಿಗಿದಿದ್ವಿ. ಜೂನ್‌ನಲ್ಲಿ ಬಿಚ್ಚಿದ್ಮೇಲೆ ಕಾಣಿಸ್ತು. ಕ್ಯಾನ್ವಾಸೂ ಅಲ್ಲಿ ಹರಿದಿತ್ತು, ಗಾಳಿಗೆ ಅಂದ್ಕೊಂಡೆ."

ಇಂಗಾ ತನ್ನ ಪೆಟ್ಟಿಗೆಯಿಂದ ಹಳದಿ ದಾರದ ಉಂಡೆ ತೆಗೆದಳು. ಕಿಟಕಿಯ ತೂತಿನಿಂದ ಕಂಬದ ಗೀರಿನವರೆಗೆ ಬಿಗಿದು ಹಿಡಿದು, ಅದೇ ಗೆರೆಯಲ್ಲಿ ಅಂಗಳದಾಚೆ ಬೇಲಿಯ ಮೇಲೊಂದು ಗುರುತು ಮಾಡಿ, ತನ್ನ ಹಿತ್ತಾಳೆಯ ದಿಕ್ಸೂಚಿ ಹಿಡಿದು ನೋಡಿದಳು. ಮತ್ತೊಮ್ಮೆ ನೋಡಿದಳು.

"ಹೊಂಡ ಇರೋದು ಆ ಪಾಪ್ಲರ್ ಮರಗಳ ಹತ್ತಿರ. ಈ ದಾರ ಅಲ್ಲಿಗೆ ಹೋಗ್ತಿಲ್ಲ. ಎಡಕ್ಕೆ ಹೋಗ್ತಿದೆ. ಆ ದಿಬ್ಬದ ನೆತ್ತೀಲಿ ತಗ್ಗು ಕಾಣುತ್ತಲ್ಲ, ಅಲ್ಲಿಗೆ."

ಡೆಪ್ಯುಟಿ ಬಗ್ಗಿ ನೋಡಿ ತಲೆಯಾಡಿಸಿದ. "ಮರಕ್ಕೆ ತಾಗಿದ್ರೆ ಗುಂಡು ಓರೆ ಆಗುತ್ತೆ ಮೇಡಂ. ಐದು ಡಿಗ್ರಿ ಆಚೀಚೆ ಆಗೋದು ಮಾಮೂಲಿ."

"ಇದು ಹನ್ನೊಂದು ಡಿಗ್ರಿ."

"ಸರಿ, ಆ ತಗ್ಗಿನ ಆಚೆ ಏನಿದೆ ಹೇಳಿ? ಓರಿನ್ ಅವರ ಕುರಿ ಹೊಲ. ಬೇರೆ ಏನಿಲ್ಲ. ಅಲ್ಲಿಂದ ಯಾರು ಹೊಡೀತಾರೆ, ಓರಿನ್ ಅವರಾ?"

ಡಬ್ ಗಹಗಹಿಸಿ ನಕ್ಕ. "ಓರಿನ್ ಅಂತೆ! ಪಾದ್ರಿ ಹೋಗಿ ಚರ್ಚಿನ ಗಂಟೆ ಕದ್ದ ಅಂದ ಹಾಗಾಯ್ತು."

ಲೋರ್ನಾಳ ತುಟಿಯಲ್ಲೂ ಸಣ್ಣ ನಗೆ ಬಂದು ಹೋಯಿತು. ಇಂಗಾ ದಾರ ಸುತ್ತಿಕೊಂಡಳು. ಓರಿನ್ ಕೈಯಲ್ಲಿದ್ದ ಕಾಫಿ ಲೋಟವನ್ನು ಜಗಲಿಯ ಕಟಕಟೆಯ ಮೇಲಿಟ್ಟ.

ಅವನಿಗೆ ನೆನಪಾಗಿತ್ತು.

ಮನೆಗೆ ಹೋದವನು ಪಿಕಪ್ ನಿಲ್ಲಿಸಿ ಒಳಗೆ ಹೋಗದೆ ನೇರ ಕುರಿ ಹೊಲಕ್ಕೆ ನಡೆದ. ಕೊಟ್ಟಿಗೆಯ ಹಿಂದಿನ ಗೇಟಿನ ಬಳಿ, ಏಪ್ರಿಲ್‌ನಲ್ಲಿ ನಿಂತ ಜಾಗದಲ್ಲೇ ನಿಂತ. ಆಗ ಮರಿ ಹಾಕುವ ಕಾಲ. ಎರಡು ದಿನದಲ್ಲಿ ಮೂರು ಮರಿಗಳನ್ನು ಕಾಯೋಟಿ ನರಿ ಒಯ್ದಿತ್ತು. ಆ ಭಾನುವಾರ ಚರ್ಚಿನಲ್ಲಿ ಎಂಟು ಗಂಟೆಗೆ ಪ್ಯಾನ್‌ಕೇಕ್ ತಿಂಡಿ. ಹಿಟ್ಟು ಕಲಸಲು ಹೆಂಡತಿ ಬರ್ನಡೀನ್ ಹೋಗಬೇಕಿತ್ತು. "ಏಳೂವರೆಗೆ ಹೊರಡ್ಬೇಕು, ಬೂಟು ಬದಲಾಯಿಸು," ಎಂದು ಅವಳು ಅಡುಗೆಮನೆಯ ಬಾಗಿಲಿಂದ ಕೂಗಿದ್ದಳು. ಅದೇ ಗಳಿಗೆಯಲ್ಲಿ ಕಾಯೋಟಿ ದಿಬ್ಬ ಏರುತ್ತಿತ್ತು. ನೆತ್ತಿಯ ತಗ್ಗಿನಲ್ಲಿ ಒಮ್ಮೆ ನಿಂತು ತಿರುಗಿ ನೋಡಿತು. ಅದರ ಹಿಂದೆ ಬರೀ ಆಕಾಶ. ಓರಿನ್ ಗೇಟಿನ ಮೇಲೆ ಮೊಣಕೈಯೂರಿ ಒಂದು ಈಡು ಹೊಡೆದ. ತಾಗಲಿಲ್ಲ. ಕಾಯೋಟಿ ಮರೆಯಾಯಿತು. ಅವನು ತೋಟಾ ತೆಗೆದು, ರೈಫಲ್ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೂಟು ಬದಲಾಯಿಸಿ, ಹೆಂಡತಿಯನ್ನು ಕೂರಿಸಿಕೊಂಡು ಚರ್ಚಿಗೆ ಹೋದ. ಸಾವಿನ ಸುದ್ದಿ ಬಂದಾಗ ಕೈಯಲ್ಲಿ ತಟ್ಟೆ ಹಿಡಿದಿದ್ದ. ಜಲ್ಲಿ ಹೊಂಡದಿಂದ ಅಂತೆ ಎಂದು ಯಾರೋ ಅಂದರು. ಅವನೂ ನಾಲ್ಕು ಜನರ ಜತೆ ಸೇರಿ, ಹೊಂಡದಲ್ಲಿ ಎಚ್ಚರವಿಲ್ಲದೆ ಹೊಡೆಯುವವರನ್ನು ಬೈದ.

ಆಕಾಶಕ್ಕೆ ಹೊಡೆಯಬೇಡಿ, ನೆತ್ತಿಯ ಮೇಲೆ ನಿಂತ ಪ್ರಾಣಿಗೆ ಹೊಡೆಯಬೇಡಿ ಎಂಬುದು ಅವನ ಎರಡನೇ ದಿನದ ಪಾಠ.

ಓರಿನ್ ದಿಬ್ಬ ಹತ್ತಿದ. ಮೊದಲಾಗಿದ್ದರೆ ಹತ್ತು ನಿಮಿಷ ಸಾಕಿತ್ತು. ಈಗ ಎರಡು ಸಲ ಕೂರಬೇಕಾಯಿತು. ತಗ್ಗಿನಲ್ಲಿ ನಿಂತು ಆಚೆ ನೋಡಿದ. ನಲವತ್ತು ವರ್ಷದಿಂದ ಅವನ ಮನಸ್ಸಿನಲ್ಲಿ ಈ ದಿಬ್ಬದಾಚೆ ಇದ್ದದ್ದು ಗೋಧಿ, ಗೋಧಿ ಕೊಯ್ದ ಮೇಲೆ ಕೂಳೆ, ಆಮೇಲೆ ಹಿಮ. ಮನೆಗಳು ಎದ್ದದ್ದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ರಸ್ತೆಯಲ್ಲಿ ಹೋಗುವಾಗ ದಿನವೂ ನೋಡುತ್ತಿದ್ದ. ಆದರೆ ಗೇಟಿನ ಬಳಿ ನಿಂತವನ ಲೆಕ್ಕದೊಳಗೆ ಅವು ಇನ್ನೂ ಬಂದಿರಲಿಲ್ಲ. ಕೆಳಗೆ, ಇಳಿಜಾರಿನ ತುದಿಯಲ್ಲಿ, ಡ್ರೇ ಮನೆಯ ಹಸಿರು ತಗಡಿನ ಚಾವಣಿ ಸಂಜೆಯ ಬಿಸಿಲಿಗೆ ಹೊಳೆಯುತ್ತಿತ್ತು. ಇಂಗಾ ಬೇಲಿಗೆ ಕಟ್ಟಿದ್ದ ಹಳದಿ ಗುರುತು ಅಷ್ಟು ದೂರದಿಂದ ಕಾಣಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ.

ಮೂರು ದಿನ ಅವನು ಯಾರಿಗೂ ಹೇಳಲಿಲ್ಲ. ನಾಲ್ಕನೇ ದಿನ ಬೆಳಗಿನ ತಿಂಡಿಯ ಹೊತ್ತಿಗೆ, ಮೊಟ್ಟೆ ತಣ್ಣಗಾಗುತ್ತಿದ್ದರೂ ಮುಟ್ಟದ ಗಂಡನನ್ನು ನೋಡಿ ಬರ್ನಡೀನ್ ಫೋರ್ಕು ಕೆಳಗಿಟ್ಟಳು.

"ಡಾಕ್ಟರ್ ಏನಾದ್ರೂ ಅಂದ್ರಾ? ನನ್ನ ಹತ್ರ ಮುಚ್ಚಿಡ್ತಿದ್ದೀಯಾ?"

ಅವನು ಹೇಳಿದ. ಕಾಯೋಟಿ, ಗೇಟು, ಏಳೂ ಇಪ್ಪತ್ತು, ದಾರ, ಎಲ್ಲ. ಹೇಳಿ ಮುಗಿಸಲು ಬಹಳ ಹೊತ್ತು ಬೇಕಾಗಲಿಲ್ಲ.

ಬರ್ನಡೀನ್ ಎದ್ದು ಹೋಗಿ ಕಿಟಕಿಯ ಬಳಿ ನಿಂತಳು. "ಒಂದೂಕಾಲು ಮೈಲಿ, ಓರಿನ್. ಒಂದೂಕಾಲು ಮೈಲಿ ದೂರ ಹೋಗಿ, ಒಂದು ಕಿಟಕಿ ಹುಡುಕ್ಕೊಂಡು..."

"ಆ ಗುಂಡು ಮೂರು ಮೈಲಿ ಹೋಗುತ್ತೆ. ಪಾಠದಲ್ಲಿ ನಾನೇ ಹೇಳಿಕೊಡೋದು."

"ಡೆಪ್ಯುಟೀನೇ ಅಲ್ಲ ಅಂದಿದ್ದಾನೆ. ನಿನ್ನನ್ನ ಯಾರೂ ಕೇಳ್ತಿಲ್ಲ. ಜಗತ್ತಲ್ಲಿ ಒಬ್ಬರೂ ಕೇಳ್ತಿಲ್ಲ." ಅವಳ ದನಿ ಏರಿತು. "ನೀನು ಹೇಳಿದ್ರೆ ಎಮೆಟ್ ಎದ್ದು ಬರ್ತಾನಾ? ಅರವತ್ತೆಂಟನೇ ವಯಸ್ಸಲ್ಲಿ ಜೈಲಿಗೆ ಹೋಗ್ತೀಯಾ? ಮೂವತ್ತೊಂದು ವರ್ಷ ಮಾಡಿದ್ದು ಒಂದು ಕಡೆ, ಒಂದು ಗಳಿಗೆ ಮಾಡಿದ್ದು ಒಂದು ಕಡೆ. ಜನ ಯಾವುದನ್ನ ನೆನಪಿಟ್ಕೋತಾರೆ ಅಂತ ನಿಂಗೆ ಗೊತ್ತು."

ಓರಿನ್ ಜೇಬಿನಿಂದ ಕಿಪ್ ಕೊಟ್ಟ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟ. ಬರ್ನಡೀನ್ ಹತ್ತಿರ ಬಂದು ಹೆಸರು ಓದಿದಳು. ಹನ್ನೆರಡು ವರ್ಷದ ಹುಡುಗನ ದುಂಡು ಅಕ್ಷರದ ಸಹಿ. ಕಿಪ್‌ನ ತಾಯಿ ಅವಳ ಜತೆ ಚರ್ಚಿನ ಹಾಡಿನ ಗುಂಪಿನಲ್ಲಿದ್ದವಳು.

"ಮದುವೆ ಮುಂದಕ್ಕೆ ಹಾಕಿದಾನಂತೆ," ಎಂದ ಓರಿನ್. "ಆರು ತಿಂಗಳಿಂದ ನಾನು ಕೆಡವಿದ ಹೆಣ ಅವನು ಹೊತ್ಕೊಂಡು ತಿರುಗ್ತಿದ್ದಾನೆ ಬರ್ನಿ."

ಅವಳು ಕೂತಳು. "ನಾನೂ ಬರ್ಲಾ?" ಎಂದಳು.

"ಬೇಡ. ಇದು ನಾನೊಬ್ಬನೇ ಹೋಗಬೇಕಾದ್ದು."

ಶೆರಿಫ್ ಕಚೇರಿಗೆ ಹೋಗುವ ಮುಂಚೆ ಅವನು ಲೋರ್ನಾಳ ಮನೆಗೆ ಹೋದ. ಯಾವ ವಕೀಲನಾದರೂ ಬೇಡವೆನ್ನುತ್ತಿದ್ದ, ಆದರೆ ಓರಿನ್ ವಕೀಲನನ್ನು ಕೇಳಿರಲಿಲ್ಲ. ಲೋರ್ನಾ ಅಂಗಳದಲ್ಲಿ ಎಲೆ ಗುಡಿಸುತ್ತಿದ್ದಳು. ನಿಯಮದ ಕರಡಿನ ವಿಷಯ ಎಂದುಕೊಂಡು, "ಬನ್ನಿ, ಇಂಗಾ ಮತ್ತೆ ಫೋನ್ ಮಾಡಿದ್ರಾ?" ಎಂದಳು.

ಅವನು ಟೋಪಿ ತೆಗೆದ. "ಲೋರ್ನಾ, ಆ ದಾರ ಸರಿಯಾಗೇ ತೋರಿಸ್ತು. ಅಲ್ಲಿಂದ ಹೊಡೆದಿದ್ದು ನಾನು."

ಅವಳಿಗೆ ಅರ್ಥವಾಗಲಿಲ್ಲ. ಅವನು ಮೊದಲಿನಿಂದ ಹೇಳಿದ, ಏನನ್ನೂ ಬಿಡದೆ, ಏನನ್ನೂ ಮೃದು ಮಾಡದೆ. ನಡುವೆ ಒಂದು ಕಡೆ ಅವಳು ಪೊರಕೆಯನ್ನು ಬೇಲಿಗೆ ಒರಗಿಸಿ ನಿಲ್ಲಿಸಿದಳು, ಅದು ಜಾರಿ ಬಿತ್ತು, ಎತ್ತಲಿಲ್ಲ.

"ಎಲ್ಲ ನೆನಪಿತ್ತಾ ನಿಮಗೆ? ಇಷ್ಟು ದಿನ?"

"ಹೊಡೆದದ್ದು ನೆನಪಿತ್ತು. ಎರಡನ್ನೂ ಸೇರಿಸಿ ನೋಡಿರಲಿಲ್ಲ. ನೋಡಬೇಕಿತ್ತು."

"ನಿದ್ದೆ ಬರ್ತಿತ್ತಾ?"

ಸುಳ್ಳು ಹೇಳುವುದು ಸುಲಭವಿತ್ತು. "ಬರ್ತಿತ್ತು," ಎಂದ.

ಅವಳ ಕೈ ಎದ್ದಿತು. ಹೊಡೆಯುತ್ತಾಳೆ ಎಂದುಕೊಂಡು ಅವನು ಕದಲದೆ ನಿಂತ. ಕೈ ಅವಳ ಬಾಯಿಗೇ ಹೋಯಿತು. ಹಾಗೆಯೇ ಬಾಯಿ ಮುಚ್ಚಿಕೊಂಡು, ಶಬ್ದವಿಲ್ಲದೆ, ಬಗ್ಗಿ, ಮೊಣಕಾಲು ಹಿಡಿದು ನಿಂತಳು. ಅವನಿಗೆ ಹತ್ತಿರ ಹೋಗುವ ಅಧಿಕಾರವಿರಲಿಲ್ಲ. ದೂರ ಹೋಗುವ ಅಧಿಕಾರವೂ ಇರಲಿಲ್ಲ.

ನೆಟ್ಟಗಾದಾಗ ಅವಳ ದನಿ ಒಣಗಿತ್ತು. "ಸ್ಮಶಾನಕ್ಕೆ ಬಂದಿದ್ರಿ ನೀವು. ಮಣ್ಣು ಹಾಕಿದ್ರಿ. ಬರ್ನಡೀನ್ ಎರಡು ವಾರ ಊಟ ಕಳಿಸಿದ್ರು. ನಾನು ಆ ಪಾತ್ರೆ ತೊಳೆದು ವಾಪಸ್ ಕೊಟ್ಟು, ನಿಮ್ಮಂಥೋರು ಇರೋದ್ರಿಂದ ಈ ಊರಲ್ಲೇ ಉಳೀತೀನಿ ಅಂದಿದ್ದೆ."

"ಹೌದು."

"ಕ್ಷಮಿಸಿ ಅಂತ ಕೇಳ್ಬೇಡಿ."

"ಕೇಳಲ್ಲ. ಇಲ್ಲಿಂದ ಶೆರಿಫ್ ಹತ್ತಿರ ಹೋಗ್ತಿದ್ದೀನಿ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗಬಾರದು ಅಂತ ಬಂದೆ."

ಅವನು ಪಿಕಪ್‌ನ ಬಾಗಿಲು ತೆಗೆಯುವಷ್ಟರಲ್ಲಿ ಅವಳು ಹಿಂದಿನಿಂದ ಕೂಗಿದಳು. "ಆ ಹುಡುಗನಿಗೆ ಮೊದಲು ಹೇಳಿ! ಲಿಂಡಾಲ್ ಹುಡುಗನಿಗೆ. ಅವನು ಪ್ರತಿ ತಿಂಗಳೂ ಬಂದು ನನ್ನ ಸೌದೆ ಒಡೆದು ಹೋಗ್ತಾನೆ. ಕಣ್ಣೆತ್ತಿ ನೋಡಲ್ಲ. ಶೆರಿಫ್ ಅರ್ಧ ಗಂಟೆ ಕಾಯ್ತಾನೆ. ಮೊದಲು ಅವನಿಗೆ ಹೇಳಿ."

ಬೆಸುಗೆ ಅಂಗಡಿಯಲ್ಲಿ ಕಿಪ್ ಮುಖದ ಗುರಾಣಿ ಮೇಲೆತ್ತಿ ಕೇಳಿಸಿಕೊಂಡ. ನಂಬಲಿಲ್ಲ. "ನನ್ನ ಮನಸ್ಸು ಹಗುರ ಆಗ್ಲಿ ಅಂತ ಹೇಳ್ತಿದ್ದೀರಾ ಸರ್? ನೀವು ಹಾಗೆ ಹೊಡೆಯೋರಲ್ಲ."

"ಹೊಡೆದೆ ಕಣೋ. ನೆತ್ತಿಯ ಮೇಲೆ ನಿಂತಿದ್ದ ಕಾಯೋಟಿಗೆ. ಎರಡನೇ ದಿನದ ಪಾಠ."

ಕಿಪ್ ಗುರಾಣಿ ತೆಗೆದ. ಅಲ್ಲೇ ಇದ್ದ ಕಬ್ಬಿಣದ ರಾಶಿಯ ಮೇಲೆ ಕೂತು, ಮಸಿ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತ. ಅದರಲ್ಲಿ ನೆಮ್ಮದಿಯೂ ಇತ್ತು. ತನ್ನ ಗುರುವಿನ ಮೇಲಿನ ಸಿಟ್ಟೂ ಇತ್ತು. "ಹೋಗಿ ಸರ್," ಎಂದ ಕೊನೆಗೆ. "ಈಗ ಹೋಗಿ." ಓರಿನ್ ಕಾರ್ಡನ್ನು ಕೆಲಸದ ಮೇಜಿನ ಮೇಲಿಟ್ಟು ಶೆರಿಫ್ ಕಚೇರಿಗೆ ಹೋದ.

ಸುದ್ದಿ ಊರಿಗೆ ಹರಡಲು ಆ ಸಂಜೆ ಸಾಕಾಯಿತು. ಕೆಲವರು ಓರಿನ್‌ಗೆ ವಯಸ್ಸಾಗಿ ಭ್ರಮೆ ಎಂದರು. ಕೆಲವರು ರಸ್ತೆಯಲ್ಲಿ ಮುಖ ತಿರುಗಿಸಿದರು. ಹೊಂಡದ ಐವರಲ್ಲಿ ಒಬ್ಬನ ಹೆಂಡತಿ, ದಿನಸಿ ಅಂಗಡಿಯಲ್ಲಿ ಎಲ್ಲರೆದುರು, "ಆರು ತಿಂಗಳು ನನ್ನ ಮಕ್ಕಳು ಶಾಲೇಲಿ ಕೊಲೆಗಾರನ ಮಕ್ಕಳು ಅನ್ನಿಸ್ಕೊಂಡ್ರು, ಮಿಸ್ಟರ್ ಹ್ಯಾಸ್ಕೆಟ್," ಎಂದು ಹೇಳಿ ಹೋದಳು. ಬರ್ನಡೀನ್ ಅಂದಿನಿಂದ ದಿನಸಿಗೆ ಪಕ್ಕದ ಊರಿಗೆ ಹೋಗತೊಡಗಿದಳು. ಓರಿನ್ ಸಮಿತಿಗೆ ರಾಜೀನಾಮೆ ಕೊಟ್ಟ. ಪಾಠ ಹೇಳುವುದನ್ನೂ ಬಿಟ್ಟ.

ನವೆಂಬರಿನ ಮೂರನೇ ಮಂಗಳವಾರ ನಿಯಮದ ಮೇಲೆ ಸಾರ್ವಜನಿಕ ವಿಚಾರಣೆ. ರೈತಸಂಘದ ಹಾಲ್‌ನಲ್ಲಿ ಕುರ್ಚಿ ಸಾಲದೆ ಜನ ಗೋಡೆಗುಂಟ ನಿಂತಿದ್ದರು. ಕರಡನ್ನು ಇಂಗಾ ಓದಿದಳು. ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು. ಬೇಡ ಎನ್ನುವವರೇ ಹೆಚ್ಚಿದ್ದರು. ಇವತ್ತು ಕಾಲು ಮೈಲಿ ಎನ್ನುತ್ತೀರಿ, ನಾಳೆ ಮನೆಯೊಳಗೆ ಬರುತ್ತೀರಿ ಎಂದು ಒಬ್ಬ ಕೂಗಿದ. ಅಪಘಾತಕ್ಕೆಲ್ಲ ಕಾನೂನು ಮಾಡಿದರೆ ಉಸಿರಾಡಲೂ ಪರವಾನಗಿ ಬೇಕಾಗುತ್ತದೆ ಎಂದು ಇನ್ನೊಬ್ಬ.

ಆಮೇಲೆ ಓರಿನ್ ಹಿಂದಿನ ಸಾಲಿನಿಂದ ಎದ್ದ.

"ಈ ಹಾಲ್‌ನಲ್ಲಿ ನಾನು ನಿಮ್ಮಲ್ಲಿ ಬಹಳ ಜನಕ್ಕೆ ಪಾಠ ಹೇಳಿದ್ದೀನಿ," ಎಂದ. "ಎಚ್ಚರ ಇದ್ದೋನಿಗೆ ನಿಯಮ ಯಾಕೆ ಅಂತ ನಾನೂ ಕೇಳ್ತಿದ್ದೆ. ನನಗಿಂತ ಎಚ್ಚರ ಇದ್ದೋನು ಈ ಕೌಂಟೀಲಿ ಇದ್ದಾನೆ ಅಂತ ಆಗ ಯಾರಾದ್ರೂ ಅಂದಿದ್ರೆ ನಾನು ಒಪ್ತಿರಲಿಲ್ಲ. ಅದೇ ಆಗಿದ್ದು. ನಾನು ಕುಡಿದಿರಲಿಲ್ಲ. ಸಿಟ್ಟಲ್ಲಿರಲಿಲ್ಲ. ನಲವತ್ತು ವರ್ಷ ನೋಡಿದ ಜಾಗ ಅಂತ ನೋಡೋದನ್ನೇ ಬಿಟ್ಟಿದ್ದೆ. ಕಾಲು ಮೈಲಿ ನಿಯಮ ಇದ್ದಿದ್ರೂ ಎಮೆಟ್ ಉಳೀತಿರಲಿಲ್ಲ, ನಾನು ಒಂದೂಕಾಲು ಮೈಲಿ ದೂರ ಇದ್ದೆ. ಒಡ್ಡು ಇಲ್ಲದೆ ಹೊಡೀಬಾರ್ದು ಅನ್ನೋದು ದೂರದ ಮೇಲೆ ನಿಂತಿರಬಾರದು. ಎಲ್ಲಿಂದಾದ್ರೂ ಸರಿ, ಗುಂಡು ನಿಲ್ಲಿಸೋ ಮಣ್ಣು ಕಣ್ಣಿಗೆ ಕಾಣದಿದ್ರೆ ಹೊಡೀಬಾರ್ದು ಅಂತ ಬರೀರಿ. ಬೇಟೆಗೂ ಸೇರಿಸಿ ಬರೀರಿ. ಅಷ್ಟೇ ಹೇಳೋಕೆ ಬಂದೆ."

ಅವನು ಕೂತ ಮೇಲೆ ಡಬ್ ಕ್ಯಾಸ್ಕಿ ಎದ್ದ. ಸಮಿತಿಯಲ್ಲಿದ್ದೂ ನಿಯಮಕ್ಕೆ ಸಹಿ ಹಾಕದವನು ಅವನೊಬ್ಬನೇ.

"ನಂಗೆ ಈ ಕಾಗದ ಇವತ್ತಿಗೂ ಇಷ್ಟ ಇಲ್ಲ," ಎಂದ. "ಆದ್ರೆ ಹೋದ ವಾರ ನಾನು ನನ್ನ ಹೊಲದ ಸುತ್ತ ನಡೆದೆ. ಕುದುರೆ ಇಲ್ಲ, ಗಾಡಿ ಇಲ್ಲ, ನಡೆದೇ. ನಾಲ್ಕು ಮನೆ ಇರಬೇಕು ಅಂದ್ಕೊಂಡಿದ್ದೆ. ಹನ್ನೊಂದಿದೆ. ಒಂದರ ಅಂಗಳದಲ್ಲಿ ಮಕ್ಕಳ ಉಯ್ಯಾಲೆ ಇದೆ." ಇಂಗಾ ಕಡೆ ತಿರುಗಿದ. "ಪ್ರತಿ ವರ್ಷ ಬೇಟೆ ಶುರುವಾಗೋ ಮುಂಚೆ, ಇಂಗಾ ಹೊಸದಾಗಿ ನಕ್ಷೆ ಬರೆದು, ಎಲ್ಲ ಮನೇನೂ ಗುರುತು ಹಾಕಿ, ಮೇವಿನ ಅಂಗಡೀಲಿ ತಗಲಿಸಲಿ. ಅದನ್ನ ಸೇರಿಸಿದ್ರೆ ನಾನು ಸಹಿ ಹಾಕ್ತೀನಿ."

"ಸಂಬಳ ಯಾರು ಕೊಡ್ತೀರಿ?" ಎಂದಳು ಇಂಗಾ. ಆ ಸಂಜೆ ಜನ ನಕ್ಕದ್ದು ಆಗೊಮ್ಮೆ ಮಾತ್ರ.

ಲೋರ್ನಾ ಕೊನೆಯಲ್ಲಿ ಎದ್ದಳು. ಓರಿನ್ ಕಡೆ ತಿರುಗಿ ನೋಡಲಿಲ್ಲ. "ಇವರು ಹೇಳಿದ ಹಾಗೇ ಬರೀರಿ," ಎಂದಳು. "ನಂಗೆ ಯಾರ ಬಂದೂಕೂ ಬೇಡ. ನಮ್ಮ ಮನೆ ಇಲ್ಲಿದೆ ಅಂತ ನಿಮಗೆ ಗೊತ್ತಿರಬೇಕು. ಅಷ್ಟು ಸಾಕು."

ಮೂವರಲ್ಲಿ ಇಬ್ಬರು ಕಮಿಷನರುಗಳು ಕೈ ಎತ್ತಿದರು. ನಿಯಮ ಜನವರಿಯಿಂದ ಜಾರಿಗೆ ಬಂತು.

ಓರಿನ್‌ನ ಮೊಕದ್ದಮೆಯನ್ನು ಪಕ್ಕದ ಕೌಂಟಿಯ ಸರ್ಕಾರಿ ವಕೀಲ ನಡೆಸಿದ. ಇಲ್ಲಿನ ಸರ್ಕಾರಿ ವಕೀಲ ಓರಿನ್‌ನ ಶಿಷ್ಯನೇ ಆಗಿದ್ದ. ಓರಿನ್ ತಪ್ಪೊಪ್ಪಿಕೊಂಡ. ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ತಂದದ್ದಕ್ಕೆ ನಲವತ್ತೈದು ದಿನ ಜೈಲು, ಐದು ವರ್ಷ ಬಂದೂಕು ಮುಟ್ಟುವಂತಿಲ್ಲ. ಶಿಕ್ಷೆ ಕಡಿಮೆಯಾಯಿತು ಎಂದವರೂ ಇದ್ದರು, ಹೆಚ್ಚಾಯಿತು ಎಂದವರೂ ಇದ್ದರು. ಲೋರ್ನಾ ನ್ಯಾಯಾಧೀಶರ ಮುಂದೆ ಏನೂ ಹೇಳಲು ಒಪ್ಪಲಿಲ್ಲ. ಫೆಬ್ರವರಿಯಲ್ಲಿ ಅವನು ಜೈಲಿನಲ್ಲಿದ್ದಾಗ ಕುರಿಗಳಿಗೆ ಮೇವು ಹಾಕಿದವನು ಡಬ್. ಮಾರ್ಚ್‌ನಲ್ಲಿ ಬಿಡುಗಡೆಯಾದ ದಿನ ಕರೆತರಲು ಬಂದವನೂ ಅವನೇ. ದಾರಿಯುದ್ದಕ್ಕೂ ಹುಲ್ಲಿನ ಬೆಲೆಯ ಬಗ್ಗೆ ಬೈಯುತ್ತಲೇ ಇದ್ದ. ಕಿಪ್ ಮೇ ತಿಂಗಳಲ್ಲಿ ಮದುವೆಯಾದ. ಹ್ಯಾಸ್ಕೆಟ್ ದಂಪತಿಗಳಿಗೆ ಕರೆಯೋಲೆ ಬರಲಿಲ್ಲ. ಬರ್ನಡೀನ್ ಒಂದು ಹೊದಿಕೆ ಹೊಲಿದು ಕಳಿಸಿದಳು. ಅದು ವಾಪಸ್ಸೂ ಬರಲಿಲ್ಲ.

ಜೂನ್‌ನಲ್ಲಿ ಒಂದು ದಿನ ಅಂಚೆ ಕಚೇರಿಯ ಬಾಗಿಲಲ್ಲಿ ಓರಿನ್ ಮತ್ತು ಲೋರ್ನಾ ಎದುರುಬದುರಾದರು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಎರಡು ಹೆಜ್ಜೆ ಮುಂದೆ ಹೋಗಿ ನಿಂತಳು.

"ದಿಬ್ಬದ ಮೇಲೆ ನಿಮ್ಮ ಬೇಲಿ ಬಿದ್ದಿದೆ," ಎಂದಳು, ಕೈಯಲ್ಲಿದ್ದ ಕಾಗದಗಳನ್ನು ನೋಡುತ್ತ. "ನಾಲ್ಕು ಕುರಿ ಇಳಿದು ಬಂದು ನನ್ನ ಬಟಾಣಿ ಮೇಯ್ದು ಹೋದ್ವು."

"ಇವತ್ತೇ ಕಟ್ತೀನಿ."

"ಕಟ್ಟಿ," ಎಂದು ಅವಳು ಹೋದಳು.

ಮಧ್ಯಾಹ್ನ ಅವನು ತಂತಿಯ ಸುರುಳಿ, ಕಂಬಗಳು, ಸುತ್ತಿಗೆ ಹೊತ್ತು ದಿಬ್ಬ ಹತ್ತಿದ. ನೆಲ ಗಟ್ಟಿಯಿತ್ತು. ಒಂದೊಂದು ಕಂಬ ಹೂಳಲೂ ಅರ್ಧ ಗಂಟೆ ಹಿಡಿಯಿತು. ಕೆಳಗೆ ಹಸಿರು ಚಾವಣಿಯ ಮನೆಯಲ್ಲಿ ಯಾರೋ ಹಗ್ಗಕ್ಕೆ ಬಟ್ಟೆ ಹರವಿ ಒಳಗೆ ಹೋದರು. ಅವನು ಬಿಸಿಲಿಗೆ ಬೆನ್ನು ಹಾಕಿ, ಬಿದ್ದಿದ್ದ ಒಂದು ಕಡೆಯನ್ನಷ್ಟೇ ಅಲ್ಲದೆ, ದಿಬ್ಬದ ಈ ತುದಿಯಿಂದ ಆ ತುದಿಯವರೆಗೆ ಸಡಿಲವಾಗಿದ್ದ ತಂತಿಯನ್ನೆಲ್ಲ ಬಿಗಿದು ಕಟ್ಟುತ್ತ ಹೋದ.